ಸೆಕೆಂಡಿಗೆ ಹದಿನಾರು ಫ್ರೇಮ್

ನಾಲ್ಕು ವರ್ಷಗಳ ಹಿಂದೆ ನಾನು ವೆಲಿಂಗ್ಟನ್ನಿನ ಒಂದು ಚಲನಚಿತ್ರ ಸಂಗ್ರಹಾಲಯದಲ್ಲಿ ಹಿರಿಯ ತಂತ್ರಜ್ಞನಾಗಿದ್ದೆ. ಮನೆ ಇದ್ದ ಪಕ್ಕದ ಊರು ಲೋವರ್ ಹಟ್‌ನಿಂದ ದಿನಾ ರೈಲು. ಕಿಡಿ ಸೋಕಿದರೆ ಭಗ್ಗೆನ್ನುವ ಹಳೆಯ ನೈಟ್ರೇಟ್ ಫಿಲ್ಮನ್ನು ಶುಚಿ ಮಾಡಿ, ಹರಿದದ್ದನ್ನು ಅಂಟಿಸಿ, ಸ್ಕ್ಯಾನ್ ಮಾಡುವುದು ಕೆಲಸ. ನನ್ನಂಥ ಮಾತು ಕಡಿಮೆಯವನಿಗೆ ಹೇಳಿ ಮಾಡಿಸಿದ ಉದ್ಯೋಗ.

ಆ ಚಳಿಗಾಲ, ಮುಚ್ಚಿಹೋದ ಹಳ್ಳಿಯ ಸಭಾಭವನವೊಂದರಿಂದ ಮೂಕಿ ಕಾಲದ ಒಂದು ರೀಲ್ ಬಂತು. ಎಂಟು ನಿಮಿಷದ ಹಾಸ್ಯಚಿತ್ರ, ನಟರೆಲ್ಲ ಮಕ್ಕಳು. ಹುಡುಗರು ತಳ್ಳುತ್ತಿದ್ದ ಕೂಸಿನ ಗಾಡಿ ಇಳಿಜಾರಿನಲ್ಲಿ ಕೈತಪ್ಪಿ, ಒಳಗೆ ಕೂತ ಏಳೆಂಟು ವರ್ಷದ ಹುಡುಗಿಯ ಸಮೇತ ಕೊಳಕ್ಕೆ ಬೀಳುತ್ತದೆ. ನೀರಿನಿಂದ ಎದ್ದ ಹುಡುಗಿ ಬಾಯ್ತೆರೆದು, ಭುಜ ಕುಣಿಸಿ ನಗುತ್ತಾಳೆ. ನೋಡಿ ನಾನೂ ನಕ್ಕೆ.

ಪತ್ರಿಕೆಯಲ್ಲಿ ಸುದ್ದಿ ಓದಿ ಎಂಬತ್ತು ದಾಟಿದ ಐಲೀನ್ ಎಂಬವರು ಫೋನ್ ಮಾಡಿದರು. ಆ ಹುಡುಗಿ ಅವರ ತಾಯಿ.

"ಅಮ್ಮ ನಕ್ಕದ್ದನ್ನು ನಾನು ಒಂದು ಸಲವೂ ನೋಡಿಲ್ಲ. ನಮ್ಮನ್ನು ಬೀಚಿಗೂ ಕರೆದುಕೊಂಡು ಹೋಗಲಿಲ್ಲ. ಆ ಸಿನಿಮಾದಲ್ಲಿ ನಗುತ್ತಾಳಂತೆ, ನಿಜವೇ?"

ನಿಜ ಎಂದೆ. ಗುರುವಾರ ಬರುತ್ತೇನೆ ಎಂದರು.

ತೋರಿಸುವ ಮುಂಚೆ ವೇಗ ಸರಿಪಡಿಸಬೇಕಿತ್ತು. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು ಹದಿನಾರು ಚಿತ್ರ, ಅಂದರೆ ಫ್ರೇಮ್. ಅದನ್ನು ಈಗಿನಂತೆ ಇಪ್ಪತ್ನಾಲ್ಕರಲ್ಲಿ ಓಡಿಸಿದರೆ ಎಲ್ಲರೂ ಕುಣಿದಾಡುತ್ತಾರೆ; ನಾನು ಮೊದಲು ನೋಡಿದ್ದೂ ಹಾಗೆಯೇ. ಹದಿನಾರಕ್ಕೆ ಇಳಿಸಿದೆ. ಹುಡುಗಿ ನಗುತ್ತಿರಲಿಲ್ಲ. ಚಳಿಗೆ ನಡುಗುತ್ತ, ಕ್ಯಾಮೆರಾದ ಆಚೆ ಯಾರನ್ನೋ ನೋಡುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪರದೆಯ ಅಂಚಿನಿಂದ ದೊಡ್ಡವರೊಬ್ಬರ ಕೈ ಬಂದು ಅವಳನ್ನು ಮತ್ತೆ ನೀರಿಗೆ ನೂಕಿತು. ಮೊದಲು ನೋಡಿದಾಗ ಆ ಕೈ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಧಾರವಾಡದವಳು, ಮುಚ್ಚುಮರೆಯಿಲ್ಲ.

"ನಿಮಗ ಬುದ್ಧಿ ಅದ ಇಲ್ಲೋ? ಆ ವಯಸ್ಸಿನಾಕಿಗೆ ಅಳೋ ತಾಯಿನ್ನ ತೋರಸ್ತೀರೇನ್ರೀ? ನಗೋದನ್ನ ತೋರಿಸಿ ಕಳಸ್ರಿ, ಪುಣ್ಯಾ ಬರ್ತದ."

ನನಗೂ ಅದೇ ಬೇಕಿತ್ತು.

ಗುರುವಾರ ಇಪ್ಪತ್ನಾಲ್ಕರಲ್ಲೇ ಓಡಿಸಿದೆ. "ನಗುತ್ತಿದ್ದಾಳೆ, ಅಲ್ಲವೇ?" ಎಂದರು ಐಲೀನ್. ಹೌದು ಎಂದೆ, ಸತ್ಯದ ತಲೆಯ ಮೇಲೆ ಹೊಡೆದ ಹಾಗೆ. ಅವರು ನಾಲ್ಕು ಸಲ ನೋಡಿದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದರು:

"ಹಾಗಾದರೆ ಅವಳಿಗೆ ನಗಲು ಬರುತ್ತಿತ್ತು. ನನ್ನ ಮುಂದೆ ನಗಬೇಕು ಅನ್ನಿಸಲಿಲ್ಲ, ಅಷ್ಟೆ."

ಹದಿನಾರರ ಫೈಲ್ ಅದೇ ಕಂಪ್ಯೂಟರಿನಲ್ಲಿತ್ತು. ಒಂದು ಕ್ಲಿಕ್ ಸಾಕಿತ್ತು. ನಾನು ಕಂಪ್ಯೂಟರ್ ಆರಿಸಿ, ಅವರನ್ನು ಲಿಫ್ಟಿನವರೆಗೆ ಹೋಗಿ ಬಿಟ್ಟು ಬಂದೆ. ಧೈರ್ಯ ಮಾಡಿ ಫೋನ್ ಮಾಡುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಎತ್ತಿದ್ದು ಅವರ ಮಗ. ಅಮ್ಮ ತೀರಿಕೊಂಡರು, ಕೊನೆಗಾಲದಲ್ಲಿ ಆ ಸಿನಿಮಾ ತೋರಿಸಿದ್ದಕ್ಕೆ ಥ್ಯಾಂಕ್ಸ್ ಎಂದ.

ಈಗ ನಿವೃತ್ತನಾಗಿದ್ದೇನೆ. ಈ ಕೆಲಸಕ್ಕೆ ಬರುವ ಕಿರಿಯರಿಗೆ ಒಂದೇ ಮಾತು ಹೇಳುತ್ತೇನೆ: ತೆಗೆದ ವೇಗದಲ್ಲೇ ತೋರಿಸಿ, ನೋಡುವವರ ಎದೆ ಎಷ್ಟು ಗಟ್ಟಿ ಎಂದು ಅಳೆಯಲು ಹೋಗಬೇಡಿ. ಆ ತಾಯಿ ಏಕೆ ನಗಲಿಲ್ಲ, ಏಕೆ ನೀರಿನ ಹತ್ತಿರ ಸುಳಿಯಲಿಲ್ಲ ಎಂದು ಮಗಳಿಗೆ ತೋರಿಸಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ ಇದ್ದೆ. ತೋರಿಸಲಿಲ್ಲ.