ಟ್ರೌಟ್ ಮೀನಿಗಾಗಿ ನಿಂತ ಪಲ್ಪರ್

ನಮ್ಮ ಭಾವನಷ್ಟು ಚಂದವಾಗಿ ಗಾಳ ಬೀಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಅವರ ಬಗ್ಗೆ ನನ್ನ ಬಾಯಿಂದ ಬರುವ ಒಳ್ಳೆಯ ಮಾತು ಇದೊಂದೇ.

ಭಾವ ಎಂದರೆ ಅಕ್ಕನ ಗಂಡ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಅವರ ಎಸ್ಟೇಟು. ಗೇಟು, ಗೇಟಿಗೊಬ್ಬ ಕಾವಲುಗಾರ, ಲೆಕ್ಕ ಬರೆಯಲು ರೈಟರ್, ಮೇಸ್ತ್ರಿ, ಎರಡು ಜೀಪು. ನಮ್ಮದು ಅದೇ ಹಳ್ಳದ ಮೇಲ್ಗಡೆ ಇರುವ ಸಣ್ಣ ತೋಟ. ಗುಡ್ಡದ ಕಾಡಿನಿಂದ ಇಳಿಯುವ ಹಳ್ಳ ಮೊದಲು ನಮ್ಮ ಮನೆಯ ಹಿಂದೆ ಹರಿದು, ಆಮೇಲೆ ಅವರ ಎಲ್ಲೆ ದಾಟುತ್ತದೆ. ಅಲ್ಲಿ ಅಬ್ಬಿಯಾಗಿ ಧುಮುಕಿ ಒಂದು ದೊಡ್ಡ ಗುಂಡಿಯಲ್ಲಿ ನಿಲ್ಲುತ್ತದೆ. ಮರಗಳು ಎಷ್ಟು ಒತ್ತಾಗಿವೆ ಎಂದರೆ ಮಧ್ಯಾಹ್ನವೂ ಅಲ್ಲಿ ಬಿಸಿಲು ಬೀಳುವುದಿಲ್ಲ. ಚಳಿಗಾಲದಲ್ಲಿ ಆ ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ.

ಟ್ರೌಟ್ ನಮ್ಮ ಸೀಮೆಯ ಮೀನಲ್ಲ. ತೊಂಬತ್ತರ ದಶಕದಲ್ಲಿ ಭಾವ ಯಾವುದೋ ಸ್ನೇಹಿತರ ಜೊತೆ ಊಟಿಯ ಮೇಲಿನ ಗುಡ್ಡಗಳಿಗೆ ಹೋದವರು ಅಲ್ಲಿನ ತೊರೆಯಲ್ಲಿ ಈ ಮೀನು ಹಿಡಿದು, ಹುಚ್ಚು ಹಿಡಿಸಿಕೊಂಡು ಬಂದರು. "ಅಲ್ಲಿ ಬದುಕೋ ಮೀನು ಇಲ್ಲೆಂತಕ್ಕೆ ಬದುಕಲ್ಲ ಮಾರಾಯ? ನಮ್ಮ ಅಬ್ಬಿ ಗುಂಡಿ ಏನ್ ಕಮ್ಮಿ ತಣ್ಣಗಿದ್ಯಾ?" ಎಂದು ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯದೆ ಜೀಪಿನಲ್ಲಿ ಮರಿಗಳನ್ನು ತರಿಸಿಯೂ ಬಿಟ್ಟರು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಸುತ್ತ ಐಸಿನ ಗಟ್ಟಿ. ಅರ್ಧದಷ್ಟು ಮರಿಗಳು ದಾರಿಯಲ್ಲೇ ಸತ್ತಿದ್ದವು. ಉಳಿದವು ಗುಂಡಿಯಲ್ಲಿ ಚಳಿಗಾಲವೆಲ್ಲ ಚೆನ್ನಾಗಿ ಬೆಳೆದವು. ಏಪ್ರಿಲ್ ಬಿಸಿಲಿಗೆ ಹಳ್ಳ ಸೊರಗಿದಾಗ ಅವುಗಳಲ್ಲೂ ಮುಕ್ಕಾಲು ಪಾಲು ಹೊಟ್ಟೆ ಮೇಲೆ ಮಾಡಿದವು. ಮಳೆ ಮುಗಿದ ಮೇಲೆ ಭಾವ ಮತ್ತೆ ತರಿಸಿದರು, ಈ ಸಲ ಬೆಳೆದ ಮೀನುಗಳನ್ನೇ. ಇದು ವರ್ಷಾ ವರ್ಷಾ ನಡೆಯುವ ವ್ರತವಾಯಿತು.

ಮೀನು ಬಂದ ಮೇಲೆ ನೆಂಟರು ಬಾರದೆ ಇರುತ್ತಾರೆಯೇ? ನವೆಂಬರ್ ಕಳೆದರೆ ಸಾಕು, ಮದ್ರಾಸಿನಿಂದ, ಬೆಂಗಳೂರಿನಿಂದ ಟೋಪಿ ಹಾಕಿದವರು ಬರುತ್ತಿದ್ದರು. ಗುಂಡಿಯ ಬಳಿ ಮರಕ್ಕೆ ಒಂದು ಬೋರ್ಡು ಹೊಡೆಸಿದ್ದರು: ಹಿಡಿದ ಮೀನನ್ನು ಜೀವಂತ ಬಿಡತಕ್ಕದ್ದು. ಗಾಳಕ್ಕೆ ಎರೆಹುಳ ಸಿಕ್ಕಿಸುವಂತಿಲ್ಲ, ಅದು ಗಮಾರರ ಕೆಲಸವಂತೆ. ಕೋಳಿಯ ಗರಿಯನ್ನು ಕೊಕ್ಕೆಗೆ ನೂಲಿನಿಂದ ಸುತ್ತಿ ನೊಣದ ಹಾಗೆ ಕಟ್ಟುವುದು, ಅದನ್ನು ನೀರಿನ ಮೇಲೆ ನಿಜವಾದ ನೊಣ ಕೂತಂತೆ ಇಳಿಸುವುದು. ಭಾವ ಬೀಸುವಾಗ ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮುಂದೆ ಬಂದು ಸದ್ದಿಲ್ಲದೆ ಬೀಳುತ್ತಿತ್ತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಮೀನು ಕಚ್ಚಿದರೆ ಅದು ಸೋಲುವ ತನಕ ಆಡಿಸಿ, ಬಲೆಗೆ ತೆಗೆದು, ಕೈ ಒದ್ದೆ ಮಾಡಿಕೊಂಡು ಎತ್ತಿ, ಫೋಟೋ ಹೊಡೆಸಿಕೊಂಡು, ಮುಖವನ್ನು ಹರಿವಿಗೆದುರಾಗಿ ಹಿಡಿದು ಬಿಡುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಷ್ಟು ಮುದ್ದು ಮಾಡಿ ಬಿಟ್ಟ ಮೀನು ಏಪ್ರಿಲ್‌ನಲ್ಲಿ ಸಾಯುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಏಪ್ರಿಲ್‌ನಲ್ಲಿ ನೋಡಲು ಯಾರೂ ಬರುತ್ತಿರಲಿಲ್ಲ.

ನನಗೆ ಆಗ ಇಪ್ಪತ್ತೈದರ ಆಸುಪಾಸು. ಭಾಮೈದನಲ್ಲವೇ, ಬಲೆ ಹಿಡಿಯುವುದು ನನ್ನ ಕೆಲಸ. ಮೀನು ಹಿಡಿದು ದಡಕ್ಕೆ ಬಂದ ಭಾವ ಬಂಡೆಯ ಮೇಲೆ ಕೂತು ಕಾಲು ಚಾಚುತ್ತಿದ್ದರು. ನೀರಿನಲ್ಲಿ ನಿಲ್ಲಲೆಂದೇ ತರಿಸಿದ, ಮೊಣಕಾಲಿನ ತನಕ ಲೇಸು ಕಟ್ಟುವ ಬೂಟುಗಳು. ನೆನೆದ ಆ ಲೇಸಿನ ಗಂಟನ್ನು ಉಗುರಿನಿಂದ ಬಿಡಿಸಿಕೊಡುವವನೂ ನಾನೇ. ಗರಿ ಬೇಕಾದಾಗ ನಮ್ಮನೆಗೆ ಬಂದು, ಚೌಡಿಗೆಂದು ಹರಕೆ ಬಿಟ್ಟಿದ್ದ ಕೆಂಪು ಹುಂಜದ ಕುತ್ತಿಗೆಯ ಗರಿಗೇ ಕೈ ಹಾಕಿದ್ದರು. "ಚೌಡಿ ಹುಂಜಕ್ಕೆ ಕೈ ಹಚ್ಚಿದ್ರಲ್ಲ" ಎಂದು ಅಮ್ಮ ಒಳಗೆ ಗೋಳಾಡಿದಳು. ಹೊರಗೆ ಬಂದು ಅಳಿಯನಿಗೆ ಕಾಫಿ ಕೊಟ್ಟಳು.

ಹುಂಜ ಹೋಗಲಿ. ಒಂದು ವರ್ಷ ಕೊಯ್ಲು ಶುರುವಾಗುವ ಹೊತ್ತಿಗೆ ಭಾವ ಸ್ವೀಟಿನ ಡಬ್ಬಿ ಹಿಡಿದು ಬಂದು ಅಪ್ಪನ ಎದುರು ಕೂತರು. "ಮಾವ, ಈ ವರ್ಷದಿಂದ ನೀವು ಪಲ್ಪರ್ ಹಾಕ್ಬೇಡಿ. ಆ ನೀರು ಹಳ್ಳಕ್ಕಿಳಿದ್ರೆ ಟ್ರೌಟ್ ಉಳಿಯಲ್ಲ. ಕಾಫಿನ ಚೆರ್ರಿ ಮಾಡಿಬಿಡಿ" ಎಂದರು.

ಕಾಫಿ ತೋಟ ಕಾಣದವರಿಗಾಗಿ ಇಷ್ಟು ಹೇಳಬೇಕು. ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಸುಲಿದು, ಬೀಜ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಕಣದಲ್ಲಿ ಹರವಿ ಒಣಗಿಸಿದರೆ ಚೆರ್ರಿ. ಪಾರ್ಚ್‌ಮೆಂಟಿಗೆ ಇರುವ ಬೆಲೆ, ಮರ್ಯಾದೆ ಚೆರ್ರಿಗಿಲ್ಲ. ನಮ್ಮದು ಕೈಯಲ್ಲಿ ತಿರುಗಿಸುವ ಪಲ್ಪರ್. ಅಕ್ಕ ಮದುವೆಗೆ ಮುಂಚೆ ಅದರ ಹಿಡಿ ತಿರುಗಿಸುತ್ತಾ ನಿಂತರೆ ಸಂಜೆಯ ತನಕ ಬಿಡುತ್ತಿರಲಿಲ್ಲ. ಸುಲಿದ ಮೇಲೆ ಉಳಿಯುವ ನೀರು ಅಂಟಂಟು, ಹುಳಿ ನಾತ. ಅದು ಹಳ್ಳ ಕೆಡಿಸುವುದು ನಿಜವೇ. ಆದರೆ ನಮ್ಮ ತೋಟದ ಆ ಒಂದಿಷ್ಟು ನೀರನ್ನು ಅಪ್ಪ ಮನೆಯ ಹಿಂದೆಯೇ ಗುಂಡಿ ತೋಡಿ ಇಂಗಿಸುತ್ತಿದ್ದರು. ಭಾವನ ಎಸ್ಟೇಟಿನಲ್ಲಿ ಮೋಟರಿನ ಪಲ್ಪರ್ ಇಡೀ ದಿನ ಓಡುತ್ತಿತ್ತು. ಅದನ್ನು ನಿಲ್ಲಿಸುವ ಮಾತು ಅವರ ಬಾಯಲ್ಲಿ ಬರಲಿಲ್ಲ. "ನಂದಕ್ಕೆ ಅಬ್ಬಿ ಮೇಲ್ಗಡೆ ಪಿಟ್ ಮಾಡ್ಸಿದೀನಲ್ಲ, ನೀರೆಲ್ಲ ಅಲ್ಲೇ ಇಂಗತ್ತೆ" ಎಂದರು.

ಅಪ್ಪ "ಆತು ಬಿಡಿ" ಎಂದರು.

ನಾನು ಹಾರಾಡಿದೆ. ಭಾವ ಹೋದ ಮೇಲೆ ಹಾರಾಡಿದೆ ಎನ್ನುವುದನ್ನೂ ಸೇರಿಸಬೇಕು. ಅಪ್ಪ ತಣ್ಣಗೆ, "ಬಡವನ ಕೋಪ ದವಡೆಗೆ ಮೂಲ. ಹೆಣ್ ಕೊಟ್ಟಿದೀವಿ. ಇಲ್ಲಿ ನಾವು ಒಂದ್ ಮಾತ್ ಆಡಿದ್ರೆ ಅಲ್ಲಿ ಅವ್ಳು ಹತ್ತ್ ಕೇಳ್ಬೇಕು" ಎಂದರು. ಅಕ್ಕನಿಗೆ ಈ ವಿಷಯ ತಿಳಿಯಕೂಡದೆಂದು ಅಮ್ಮನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡರು. ಅವಳು ದೀಪಾವಳಿಗೆ ಬಂದಾಗ ಕೊಯ್ಲು ಇನ್ನೂ ಶುರುವಾಗಿರುತ್ತಿರಲಿಲ್ಲ. ಕೊಯ್ಲು ಬಂದರೆ ಅವಳಿಗೆ ಆ ದೊಡ್ಡ ಮನೆಯ ಅಡುಗೆಯೇ ಸಾಕಾಗುತ್ತಿತ್ತು. ಪಾರ್ಚ್‌ಮೆಂಟ್ ಎಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ ಅಮ್ಮ, "ಆಳು ಸಾಲಲ್ಲ ಕಣೆ" ಎಂದಳು.

ಚೆರ್ರಿ ಒಣಗಲು ವಾರಗಟ್ಟಲೆ ಬಿಸಿಲು ಬೇಕು. ಮೊದಲ ವರ್ಷ ಹೇಗೋ ಆಯಿತು. ಎರಡನೆಯ ವರ್ಷ ಕಣದ ತುಂಬ ಹಣ್ಣು ಹರವಿದ್ದಾಗ ಅಕಾಲದ ಮಳೆ ಬಂತು. ಟಾರ್ಪಾಲು ಹೊದಿಸಿ, ತೆಗೆದು, ಮತ್ತೆ ಹೊದಿಸಿ, ಕೊನೆಗೆ ಅರ್ಧ ಕಾಫಿಗೆ ಬೂಸಲು. ಆ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ಅದೇ ವಾರ ಅಬ್ಬಿ ಗುಂಡಿಯಲ್ಲಿ ಭಾವ ಒಂದು ಮೀನನ್ನು ಎತ್ತಿ ಹಿಡಿದು, "ಎಂಥ ಬಣ್ಣ ನೋಡು ಮಾರಾಯ" ಎಂದರು. ಆ ಕ್ಷಣ ಅವರನ್ನು ಗುಂಡಿಗೆ ನೂಕಬೇಕೆನಿಸಿತು. ಬಲೆ ಹಿಡಿದುಕೊಂಡೇ ನಿಂತಿದ್ದೆ.

ಮೂರನೆಯ ವರ್ಷ ಹಣ್ಣು ಎಲ್ಲರ ತೋಟದಲ್ಲೂ ಒಟ್ಟಿಗೇ ಕೆಂಪಾಯಿತು. ಆಳುಗಳಿಗಾಗಿ ಎಲ್ಲೆಲ್ಲೂ ಹೊಡೆದಾಟ. ಅಂಥದ್ದರಲ್ಲಿ ಭಾವ ತಮ್ಮ ಆಳುಗಳಲ್ಲಿ ಗಟ್ಟಿಮುಟ್ಟಾದವರನ್ನೇ ಆರಿಸಿ ಅಬ್ಬಿ ಗುಂಡಿಗೆ ಕಲ್ಲಿನ ಮೆಟ್ಟಿಲು ಕಟ್ಟಲು ಹಚ್ಚಿದರು. ಮದ್ರಾಸಿನಿಂದ ಬರುವ ನಾಲ್ವರು ದೊಡ್ಡ ಮನುಷ್ಯರು ಜಾರಿ ಬೀಳಬಾರದಲ್ಲ!

ನೆಂಟರು ಬಂದ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಬಲೆ ಹಿಡಿದು ಹೊಸ ಮೆಟ್ಟಿಲಿಳಿದೆ. ಮಂಜು ಇನ್ನೂ ಕರಗಿರಲಿಲ್ಲ. ಗುಂಡಿ ಕಾಣುವ ಮೊದಲೇ ನಾತ ಬಂತು. ಕೊಳೆತ ಹಲಸಿನ ಹಣ್ಣಿನಂಥ ಹುಳಿ ನಾತ. ನೀರಿನ ಮೇಲೆ ಕಂದು ನೊರೆ, ನೊರೆಯ ನಡುವೆ ಬಿಳಿ ಹೊಟ್ಟೆಗಳು. ಒಂದೂ ಉಳಿದಿರಲಿಲ್ಲ. ನೆಂಟರಲ್ಲಿ ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಬ್ಬರು ಬೋರ್ಡನ್ನು ಓದುತ್ತಾ ನಿಂತಿದ್ದರು. ಬೂಟು ಹಾಕಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಭಾವ ಹಳ್ಳದ ಅಕ್ಕಪಕ್ಕ ನೋಡಲಿಲ್ಲ. ತಲೆಯೆತ್ತಿ ಮೇಲೆ, ನಮ್ಮ ತೋಟದ ಕಡೆ ನೋಡಿದರು.

"ನಿಮ್ಮಪ್ಪ ಕೈ ಕೊಟ್ರು ಕಣೋ" ಎಂದರು.

ಅಷ್ಟರಲ್ಲಿ ಅಕ್ಕ ನೆಂಟರಿಗೆ ಕಡುಬು, ಕೋಳಿ ಸಾರಿನ ಕ್ಯಾರಿಯರ್ ಹಿಡಿದು ಜೀಪಿನಲ್ಲಿ ಬಂದಿದ್ದಳು. ಭಾವ ಅದೇ ಜೀಪು ಹತ್ತಿದರು. ಗುಂಡಿಯನ್ನೊಮ್ಮೆ ನೋಡಿ ಅಕ್ಕನೂ ಹತ್ತಿದಳು, ನಾನೂ ಹಾರಿ ಹತ್ತಿದೆ. ಹಳ್ಳದ ದಡದಲ್ಲೇ ಮೇಲಕ್ಕೆ ನಡೆದಿದ್ದರೆ ಎಲ್ಲಿಂದ ಕಪ್ಪು ನೀರು ಸೇರಿದೆ ಎಂದು ಅವರ ಕಣ್ಣಿಗೇ ಬೀಳುತ್ತಿತ್ತು. ಜೀಪು ರಸ್ತೆ ಸುತ್ತಿ ನಮ್ಮ ಮನೆಗೆ ಬಂತು.

ಅಪ್ಪ ಬರಿಗಾಲಲ್ಲಿ ಕಣದೊಳಗೆ ಚೆರ್ರಿ ತಿರುವುತ್ತಿದ್ದರು. ಕಣಕ್ಕೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಆಳಾಗಲಿ, ಯಜಮಾನನಾಗಲಿ ಅಂಚಿನಲ್ಲಿ ಬಿಟ್ಟೇ ಇಳಿಯಬೇಕು. ಭಾವ ಆ ಬೂಟಿನಲ್ಲೇ ಕಣದ ನಡುವಿಗೆ ಹೋದರು. ಅವರ ಕಾಲ ಕೆಳಗೆ ಚೆರ್ರಿ ಪಟಪಟ ಒಡೆಯುವುದು ನನಗೆ ಕೇಳಿಸಿತು.

"ನಂಬಿಸಿ ಕತ್ತು ಕೊಯ್ದ್ರಲ್ಲ ಮಾವ! ಮಾತು ಕೊಟ್ಟು ಕಳ್ಳತನದಲ್ಲಿ ಪಲ್ಪರ್ ಹಾಕದಾ? ನೆಂಟ್ರೆದ್ರು ನನ್ನ ಮಾನ ತೆಗುದ್ರಿ!"

ಅಪ್ಪ ತಲೆ ತಗ್ಗಿಸಿ ನಿಂತರು. "ಕೂತ್ಕಳಿ, ಕಾಫಿ ಕುಡೀರಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಆ ಎಮ್ಮೆಯೋ ಬರೆ ಹಾಕಿದವನಿಗೇ ಕಾಫಿ ಕೊಡುತ್ತದೆ! ನನಗೆ ತಡೆಯಲಾಗಲಿಲ್ಲ. ಭಾವನ ತೋಳು ಹಿಡಿದು ಕಣದ ಅಂಚಿನಲ್ಲಿದ್ದ ಪಲ್ಪರ್ ಕೊಟ್ಟಿಗೆಗೆ ಎಳೆದೆ. ಹಣ್ಣು ಸುರಿಯುವ ಬಾಯಿಯಲ್ಲಿ ಹುಲ್ಲು ಹಾಸಿಕೊಂಡು ನಮ್ಮ ಹೇಂಟೆ ಕಾವಿಗೆ ಕೂತಿತ್ತು. ಹಿಡಿಯ ತುಂಬ ತುಕ್ಕು, ಜೇಡನ ಬಲೆ. ಭಾವ ನಂಬದೆ ಕೈಯೊಡ್ಡಿದರು. ಹೇಂಟೆ ಕುಕ್ಕಿತು. ಆ ಹೇಂಟೆಯ ಮೇಲೆ ನನಗೆ ಈಗಲೂ ಅಭಿಮಾನವಿದೆ.

ಅಕ್ಕ ಹಿಂದೆಯೇ ಬಂದಿದ್ದಳು. ತುಕ್ಕು ಹಿಡಿದ ಹಿಡಿಯನ್ನು ಮುಟ್ಟಿ ನೋಡಿದಳು. "ಮಾತು ಕೊಟ್ಟು ಅಂದ್ರಲ್ಲ, ಎಂಥ ಮಾತು?" ಎಂದು ಕೇಳಿದಳು. ನಾನೇ ಎಲ್ಲವನ್ನೂ ಹೇಳಿದೆ. ಸ್ವೀಟಿನ ಡಬ್ಬಿ, ಚೆರ್ರಿ, ಬೂಸಲು, ಎಲ್ಲ.

ಅವಳು ಗಂಡನ ಕಡೆ ತಿರುಗಿದಳು. "ಅದು ನಮ್ಮ ಪಿಟ್ ತುಂಬಿ ಹಳ್ಳಕ್ಕೆ ಹರಿದಿರೋ ನೀರು. ನಿನ್ನೆ ರೈಟರ್ ಬಂದು ಪಿಟ್ ತುಂಬಿದೆ, ಇನ್ನೊಂದು ತೋಡಕ್ಕೆ ಆಳು ಕೊಡಿ ಅಂದಾಗ ನಾನಲ್ಲೇ ಇದ್ದೆ. ಮೆಟ್ಲು ಮುಗೀಲಿ ಅಂತ ಕಳ್ಸಿದೋರು ನೀವೇ."

ಭಾವ ಜೀಪಿನ ಕಡೆ ಹೊರಟರು, ಮತ್ತೆ ಕಣದ ಮೇಲೇ. ಅಕ್ಕನ ಸಿಟ್ಟು ಮುಗಿದಿರಲಿಲ್ಲ. ಅದು ಅಪ್ಪನ ಮೇಲೆ ತಿರುಗುತ್ತದೆಂದು ನಾನು ಎಣಿಸಿರಲಿಲ್ಲ.

"ನನ್ನ ಹೆಸ್ರು ಹೇಳ್ಕಂಡು ಮೂರ್ ವರ್ಷ ಬಗ್ಗಿದ್ರಲ್ಲ ಅಪ್ಪ, ನನ್ನ ಒಂದ್ ಮಾತ್ ಕೇಳಿದ್ರಾ? 'ನಿಮ್ಮಪ್ಪ ನಾವು ಹಾಕಿದ ಗೆರೆ ದಾಟಲ್ಲ' ಅಂತ ಅತ್ತೆ ಬಂದೋರೆದ್ರಿಗೆಲ್ಲ ಹೇಳ್ತಿದ್ರು. ನಾನು ಹೊಗಳಿಕೆ ಅನ್ಕಂಡು ನಗ್ತಿದ್ದೆ. ಅವ್ರೆಲ್ಲ ಎಂತಕ್ಕೆ ನಗ್ತಿದ್ರು ಅಂತ ಇವತ್ತು ಗೊತ್ತಾತು." ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

"ನಿಲ್ಲಿ" ಎಂದರು. ಅಕ್ಕನ ಮದುವೆಯಾದಾಗಿನಿಂದ ಅಪ್ಪ ಅಳಿಯನೊಂದಿಗೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬೂಟ್ ಬಿಚ್ಚಿ. ಇದು ಕಣ."

ಭಾವ ಕಣದ ನಡುವೆ ನಿಂತಲ್ಲೇ ಬಗ್ಗಿದರು. ನೆನೆದ ಲೇಸು ಬಿಗಿದುಕೊಂಡಿತ್ತು. ಒಂದು ಗಂಟು ಎಳೆದರು, ಬರಲಿಲ್ಲ. ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು.

ನಾನು ಕೈಕಟ್ಟಿಕೊಂಡೆ.