ನಮ್ಮ ಪೈಕಿ ಅಂಗಡಿಯ ಮೆಮೊರಿ ಕಾರ್ಡ್

ಕ್ಯಾಮೆರಾ ಆರಿಸಲು ನನಗೆ ಎರಡು ತಿಂಗಳು ಹಿಡಿಯಿತು. ಮೆಮೊರಿ ಕಾರ್ಡನ್ನು ನಾನು ಆರಿಸಲೇ ಇಲ್ಲ.

ಮಹಾರಾಷ್ಟ್ರದ ಗಡಿಗೆ ಹತ್ತಿರದ ಡಾಬಕಾದಲ್ಲಿರುವ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಆದ ಮೇಲೆ ಧ್ವನಿ ಮೊದಲಿನಂತೆ ಇರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಊರಿನಲ್ಲಿ ಯಾರ ಮಗುವಿಗೆ ಹೆಸರಿಟ್ಟರೂ ತೊಟ್ಟಿಲ ಹಾಡಿಗೆ ಅಜ್ಜಿಯೇ ಬೇಕು. ಒಂದು ಸಾಲು ಕನ್ನಡ, ಮುಂದಿನದು ಮರಾಠಿ, ಎರಡೂ ಒಂದೇ ಉಸಿರಿನಲ್ಲಿ. ಧ್ವನಿ ಹೋಗುವ ಮೊದಲು ಆ ಹಾಡುಗಳನ್ನು ಹಿಡಿದಿಡಬೇಕಿತ್ತು.

ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಕೂತು ಕ್ಯಾಮ್‌ಕಾರ್ಡರ್‌ಗಳನ್ನು ಒಂದೊಂದಾಗಿ ಹೋಲಿಸಿದೆ. ಬೇರೆ ಮೈಕ್ ಜೋಡಿಸುವಂತಿರಬೇಕು. ಪಡಸಾಲೆಯ ಮಂದ ಬೆಳಕಿನಲ್ಲೂ ಮುಖ ಕಾಣಬೇಕು. ಎರಡು ಕಾರ್ಡ್ ಹಾಕಿದರೆ ಎರಡರಲ್ಲೂ ಒಟ್ಟಿಗೆ ರೆಕಾರ್ಡ್ ಆಗಬೇಕು. ಅಂಥದ್ದನ್ನೇ ತರಿಸಿದೆ.

ಕಾರ್ಡ್ ತಂದವರು ಭಾಲ್ಕಿಯಲ್ಲಿರುವ ಕಾಕಾ, ಅಪ್ಪನ ತಮ್ಮ. ನಮ್ಮ ಮನೆತನದಲ್ಲಿ ಏನು ಕೊಂಡರೂ ಸಂಬಂಧಿಕರ ಅಂಗಡಿಯಲ್ಲೇ ಕೊಳ್ಳಬೇಕು. ಹೊರಗೆ ಕೊಂಡರೆ ಪ್ರತಿ ಮದುವೆಯಲ್ಲೂ ಆ ಮಾತು ಬರುತ್ತದೆ. ಅವರು ತಂದದ್ದು ಒಂದೇ ಕಾರ್ಡ್. ಪ್ಯಾಕೆಟ್ಟಿನ ಮೇಲಿನ ಅಚ್ಚು ಮಸುಕಾಗಿತ್ತು. ನಕಲಿ ಕಾರ್ಡ್ ನೂರಿಪ್ಪತ್ತೆಂಟು ಜಿಬಿ ಎಂದು ತೋರಿಸಿ ಎಂಟನ್ನಷ್ಟೇ ಹಿಡಿಯಬಹುದು, ಪೂರ್ತಿ ತುಂಬಿಸಿ ನೋಡದೆ ಅದು ತಿಳಿಯುವುದಿಲ್ಲ ಎಂದು ಓದಿದ್ದೆ. ಲ್ಯಾಪ್‌ಟಾಪ್ ತೆರೆದೆ.

“ಏನ್ ತಪಾಸ್ ಮಾಡ್ಲಿಕತ್ತಿ?” ಅಂದರು ಕಾಕಾ. “ನಮ್ಮ ಪೈಕಿ ಅಂಗಡಿದು ಅದ. ಹೊರಗಿನವರಂಗ ಮಾಡಬ್ಯಾಡ.”

ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಔರಾದ್ ದಾಟಿ ಡಾಬಕಾಕ್ಕೆ ಹೋದೆವು. ನೋಯುವ ಗಂಟಲಲ್ಲೇ ಅಜ್ಜಿ ಹನ್ನೊಂದು ಹಾಡು ಹಾಡಿದಳು, ನಡುನಡುವೆ ಬಿಸಿನೀರು ಕುಡಿಯುತ್ತ. ಕ್ಯಾಮೆರಾದ ಕೆಂಪು ಚುಕ್ಕಿ ಕೊನೆಯವರೆಗೂ ಆರಲಿಲ್ಲ. ಅದೇ ವಾರ ಬೀದರಿನಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಕಾರ್ಡ್ ಹಾಕಿ ನೋಡಿದರೆ ಮೂರು ಹಾಡು ಇದ್ದವು. ಉಳಿದ ಎಂಟರಲ್ಲಿ ಹಸಿರು ಪಟ್ಟಿಗಳು, ಸದ್ದೇ ಇಲ್ಲ.

ಕಾರ್ಡ್ ಹಿಡಿದು ಭಾಲ್ಕಿಯ ಆ ಅಂಗಡಿಗೆ ಹೋದೆ. ಕಾಕಾ ಜೊತೆಗೆ ಬಂದರು. ಅಂಗಡಿಯವನು ಗುಟ್ಕಾ ಅಗಿಯುತ್ತ, ಪ್ಲಾಸ್ಟಿಕ್ ಲೋಟದಲ್ಲಿ ಉಗುಳಿ, ತುಟಿ ಒರೆಸಿಕೊಂಡ ಬೆರಳಿನಲ್ಲೇ ಕಾರ್ಡ್ ಎತ್ತಿ ನೋಡಿದ.

“ಕಂಪನಿ ಮಾಲ್ ಅದರಿ. ನೀವಾ ಏನರ ಒತ್ತಿರಬೇಕ್ರಿ.”

“ಸಾಲಿ ಭಾಳ ಕಲ್ತಾಳ,” ಅಂದರು ಕಾಕಾ, “ಬಟನ್ ಒತ್ತೋದು ಒಂದ್ ಉಳದದ.” ಇಬ್ಬರೂ ನಕ್ಕರು. ಅವನು ಹಿಂತಿರುಗಿಸಿದ ಕಾರ್ಡಿನ ಅಂಚು ತೇವವಾಗಿತ್ತು. ಅದನ್ನು ಕರವಸ್ತ್ರದಲ್ಲಿ ಹಿಡಿದುಕೊಂಡೆ. ನನಗೆ ಹೇಸಿಗೆಯಾದದ್ದು ಆ ಎಂಜಲಿಗಿಂತ ಆ ನಗುವಿಗೆ.

ಹೊಸ ಕಾರ್ಡುಗಳೆರಡನ್ನು ನಾನೇ ತರಿಸಿ, ಪೂರ್ತಿ ತುಂಬಿಸಿ ಪರೀಕ್ಷಿಸಿದೆ. ಇನ್ನು ಅದರಿಂದ ಏನು ಪ್ರಯೋಜನವೋ ನನಗೇ ತಿಳಿದಿರಲಿಲ್ಲ.

ತಿಂಗಳಾದ ಮೇಲೆ ಡಾಬಕಾದಲ್ಲಿ ಅಜ್ಜಿ ತನ್ನ ಹಾಡು ನೋಡಬೇಕೆಂದಳು. ತೋರಿಸಿದೆ. ಮೂರು ಮುಗಿದವು. ಮುಂದಿನವು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು.

“ಅವತ್ತ ಬ್ಯಾಟರಿ ಮುಗದಿತ್ತು ಅವ್ವಾ,” ಅಂದರು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕಾಕಾ, ನನ್ನತ್ತ ನೋಡದೆ. ನಾನು ತಲೆಯಾಡಿಸಿದೆ. ಹಾಗೆ ಸಲೀಸಾಗಿ ಆಡಿದ ನನ್ನ ತಲೆಯ ಬಗ್ಗೆ ಈಗಲೂ ಅಸಹ್ಯವಿದೆ.

ಅಜ್ಜಿ ಸೆರಗು ಸರಿಪಡಿಸಿಕೊಂಡು ಗೋಡೆಗೆ ಒರಗಿದಳು. ಹೊರಬಂದದ್ದು ಗಾಳಿಯಂಥ ಪಿಸುಮಾತು.

“ಹಾಂಗಾದ್ರ ಚಾರ್ಜ್ ಮಾಡವಾ. ಉಳದವು ಹಾಡ್ತೇನಿ. ನಾ ಕುಂತೇನಿ.”

ಕ್ಯಾಮೆರಾದ ಬ್ಯಾಟರಿ ತುಂಬಿತ್ತು. ಆದರೂ ಚೀಲದಿಂದ ಚಾರ್ಜರ್ ತೆಗೆದು ಸಿಕ್ಕಿಸಿ, ಅವಳ ಮುಖ ನೋಡದೆ ಕಾಯುತ್ತ ಕೂತೆ.