ಫುಲ್ ಸೌಂಡಿನಲ್ಲಿ ‘ಸೌಂಡ ಕಮ್ಮಿ ಮಾಡೋ’

ನಮ್ಮ ಕಡೆ ಟ್ರ್ಯಾಕ್ಟರು ಕೊಂಡವರು ಮೊದಲು ಪೂಜೆ ಮಾಡಿಸುತ್ತಾರೆ, ಆಮೇಲೆ ಹಾಡು ಮಾಡಿಸುತ್ತಾರೆ. ತಮಾಷೆಯಲ್ಲ, ನಿಜ. ಗಾಡಿಯ ಬಣ್ಣ, ಮಾಲೀಕನ ಊರು, ಡ್ರೈವರನ ಮೀಸೆ, ಅವನು ಹೊರಟಾಗ ಬಾಗಿಲಿಗೆ ಬಂದು ನಿಲ್ಲುವ ಹುಡುಗಿ, ಇಷ್ಟೂ ಸೇರಿಸಿ ಒಂದು ಹಾಡು ಕಟ್ಟಿಸುತ್ತಾರೆ. ಅದನ್ನು ಸೀಟಿನ ಹಿಂದಿನ ಸೌಂಡ್ ಬಾಕ್ಸಿನಲ್ಲಿ ಹಚ್ಚಿಕೊಂಡು ಹೊರಟರೆ ರಸ್ತೆಯ ಎರಡೂ ಬದಿಯ ಕಬ್ಬು ನಡುಗಬೇಕು! ನನಗೆ ಈ ಹಾಡುಗಳೆಂದರೆ ಹುಚ್ಚು. ಕಾಲೇಜು ಕಲಿತ ಹುಡುಗಿ ಇಂಥವನ್ನೆಲ್ಲ ಕೇಳುತ್ತಾಳಲ್ಲ ಎಂದು ಮೂಗು ಮುರಿಯುವವರು ಆರಾಮಾಗಿ ಮುರಿಯಲಿ. ಅಂಥ ಒಂದು ಹಾಡು ನಾನೂ ಬರೆದಿದ್ದೇನೆ, ಒಮ್ಮೆ ಅಲ್ಲ, ಎರಡು ಸಲ ಬರೆಯಬೇಕಾಯಿತು. ಅದರ ಕಥೆ ಇದು.

ಶಿರಗುಪ್ಪಿ ಹತ್ತಿರ ತೋಟದಲ್ಲಿ ನಮ್ಮ ಮನೆ. ಕಬ್ಬಿದೆ, ಒಂದಿಷ್ಟು ದ್ರಾಕ್ಷಿ ಇದೆ. ಅಣ್ಣ ನಮ್ಮದೇ ಟ್ರ್ಯಾಕ್ಟರಿನಲ್ಲಿ ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಸಾಗಿಸುತ್ತಾನೆ. ನಾನು ಕಾಗವಾಡದಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೆ. ತೋಟದ ದಾರಿಗೆ ಬಸ್ಸು ಬರುವುದಿಲ್ಲವಾದ್ದರಿಂದ ಸ್ಕೂಟಿಯ ಮೇಲೆ ಹೋಗಿ ಬರುವುದು ನನ್ನ ಪಾಡು. ದೀಪಾವಳಿ ಮುಗಿದು ಕಾರ್ಖಾನೆ ಚಾಲೂ ಆಯಿತೆಂದರೆ ಆ ರಸ್ತೆ ಟ್ರ್ಯಾಕ್ಟರುಗಳ ಪಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು, ಅದರ ಮೇಲೆ ಎರಡಾಳೆತ್ತರದ ಕಬ್ಬು, ಹಿಂದೆ ಕೆಂಪು ಲೈಟು ಇದ್ದರೆ ಅದು ನಮ್ಮ ಪುಣ್ಯ. ಇನ್ನು ಮುಂದೆ ಕುಳಿತವನ ಕಿವಿಯಲ್ಲಿ ಹಾಡು. ಹಿಂದಿನಿಂದ ನಾವು ಎಷ್ಟು ಹಾರ್ನ್ ಹೊಡೆದರೂ ಅವನಿಗೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೂ ಕೇಳುವುದಿಲ್ಲ.

ಆ ವರ್ಷ ಹಂಗಾಮು ಶುರುವಾದ ಕೂಡಲೇ ಅಪ್ಪ ತೀರ್ಪು ಕೊಟ್ಟ: “ಕಾರ್ಖಾನಿ ಬಂದ್ ಆಗೂತನಕ ಕಾಲೇಜ ಸಾಕವಾ. ಮನ್ಯಾಗ ಕುಂತ ಓದು.”

ಕಾರ್ಖಾನೆ ಬಂದ್ ಆಗುವ ಹೊತ್ತಿಗೆ ನನ್ನ ಹಾಜರಿಯ ಕಥೆಯೂ ಬಂದ್ ಆಗಿರುತ್ತಿತ್ತು! ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ನಮ್ಮ ಮನೆಯಲ್ಲಿ ಮುಂದಿನ ಮಾತು ಏನು ಎಂದು ಗೊತ್ತಿದ್ದೇ ಇತ್ತು, ಸೋದರತ್ತೆ ಆಗಲೇ ಮೀರಜದ ಕಡೆ ನನಗೆ ಗಂಡು ನೋಡತೊಡಗಿದ್ದಳು. ನಾನು ಅತ್ತು ಕರೆದೆ, ಕೂಗಾಡಿದೆ, ಒಂದು ಹೊತ್ತು ಊಟ ಬಿಟ್ಟೆ. ಕೊನೆಗೆ ಅಪ್ಪ ಸ್ವಲ್ಪ ಸಡಿಲಾದ.

“ಆತು, ಹೋಗು. ಆದ್ರ ಒಂದ ಸಲ ಏನರ ಹೆಚ್ಚು ಕಡಿಮಿ ಆತಂದ್ರ ಸ್ಕೂಟಿ ಕೀಲಿ ನನ್ನ ಕಡೆ. ಆಮ್ಯಾಲ ಅಳಬಾರದು.”

ಮೊದಲು ಮನೆಯಲ್ಲೇ ರಿಪೇರಿ ಶುರುಮಾಡೋಣ ಎಂದು ಅಣ್ಣನ ಬೆನ್ನು ಹತ್ತಿದೆ. “ಒಂದೀಟ ಸೌಂಡ ಕಮ್ಮಿ ಮಾಡಬಾರದೇನ ಅಣ್ಣಾ?”

“ಸೌಂಡ ಇಲ್ಲಂದ್ರ ನಿದ್ದಿ ಬರತೈತಿ ಬೇ. ಕಾರ್ಖಾನಿ ಮುಂದ ಗಾಡಿ ಸಾಲಿನ್ಯಾಗ ಪಾಳಿ ಹಚ್ಚಿ ಹಚ್ಚಿ ಕಣ್ಣ ಕೂಡತಾವ. ನಿನಗೇನ ಗೊತ್ತು?”

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. ರಸ್ತೆ ಪಕ್ಕದ ‘ನಿಧಾನವಾಗಿ ಚಲಿಸಿ’ ಬೋರ್ಡಿನ ಮೇಲೆ ಎಮ್ಮೆ ಮೈ ತಿಕ್ಕುತ್ತದೆಯೇ ಹೊರತು ಅದನ್ನು ಓದಿದ ಡ್ರೈವರನನ್ನು ನಾನು ಕಂಡಿಲ್ಲ. ಇವರಿಗೆ ಒಳಗೆ ಇಳಿಯುವುದು ಹಾಡೊಂದೇ. ಹಾಗಾದರೆ ಹಾಡಿನಲ್ಲೇ ಬೈಯುತ್ತೇನೆ ಅಂದುಕೊಂಡೆ. ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಟಪ್ಪ ಟಪ್ಪ ಸಪ್ಪಳಕ್ಕೆ ಸರಿಯಾಗಿ ಬಾಯಿಗೆ ಬಂದೇ ಬಿಟ್ಟಿತು:

ಸೌಂಡ ಕಮ್ಮಿ ಮಾಡೋ ದೋಸ್ತಾ, ಸೌಂಡ ಕಮ್ಮಿ ಮಾಡೋ,
ಹಿಂದ ಯಾರೋ ಬರಾಕತ್ತಾರ, ತಿರಗಿ ಒಮ್ಮಿ ನೋಡೋ!
ಕಬ್ಬ ಹೇರಿದಿ ಮುಗಿಲ ಮಟ, ಲೈಟ ಇಲ್ಲ ಹಿಂದ,
ಯಮನ ಕ್ವಾಣ ಕೇಳಾಕತ್ತೈತಿ: ಈ ಗಾಡಿ ಎಲ್ಲಿಂದ?

ಅವ್ವ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಿಂದಲೇ ಚಪ್ಪಾಳೆ ಹೊಡೆದಳು. ಅಣ್ಣ ಬಾಗಿಲಲ್ಲಿ ನಿಂತು ಕೇಳಿ, “ಏ, ಇದು ನಾನ ಹಾಡತೀನಿ!” ಅಂದ. ಬೈದದ್ದು ತನಗೇ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ನಾನೂ ಅದನ್ನು ಆಗ ಗಮನಿಸಲಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ರಾಯಬಾಗದಲ್ಲಿ ಗೊಬ್ಬರದಂಗಡಿಯ ಮೇಲೊಂದು ಕೋಣೆ, ಅದೇ ಸ್ಟುಡಿಯೋ. ಗೋಡೆ ತುಂಬ ಮೊಟ್ಟೆಯ ರಟ್ಟಿನ ಟ್ರೇ ಅಂಟಿಸಿದ್ದರು. ಕೀಬೋರ್ಡ್ ಮುಂದೆ ಕುಳಿತ ಮಾಸ್ತರರು, ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ, ಹಾಡು ಕೇಳಿ ತೊಡೆ ತಟ್ಟಿಕೊಂಡರು.

“ಬೇಸ್ ಹೆಂಗ ಕೊಡತೀನಿ ನೋಡ್ರಿ ತಂಗಿ. ಎದಿ ಗುಡುಗುಡು ಅನಬೇಕು!”

ಕೊಟ್ಟರು. ಅಣ್ಣ ಕಣ್ಣು ಮುಚ್ಚಿ ಹಾಡಿದ. ಮೊದಲ ಸಲ ನನ್ನ ಸಾಲುಗಳು ಸ್ಪೀಕರಿನ ಡಬ್ಬಿಯೊಳಗಿಂದ ಹೊರಬಂದವು. ಆ ಸಂಭ್ರಮವನ್ನು ಹೇಗೆ ಹೇಳಲಿ! ರಾಯಬಾಗದಿಂದ ಮನೆಯ ತನಕ ಅಣ್ಣನ ಮೊಬೈಲಿನಲ್ಲಿ ಅದನ್ನೇ ಹಚ್ಚಿಕೊಂಡು ಬಂದೆವು.

ಹಾಡು ಓಡಿತು. ಓಡಿತು ಎಂದರೆ ಏನು, ಹಾರಿತು! ಅವ್ವ ಕೊಕಟನೂರಿಗೆ ಎಲ್ಲಮ್ಮನ ದರ್ಶನಕ್ಕೆ ಹೋದವಳು ಅಲ್ಲಿ ಟ್ರ್ಯಾಕ್ಟರಿನಲ್ಲಿ ಬಂದ ಮಂದಿಯ ಬಾಯಲ್ಲಿ ಅದನ್ನು ಕೇಳಿ ಬಂದಳು. ಚಿಕ್ಕೋಡಿಯ ಗೆಳತಿ ತನ್ನ ಓಣಿಯ ಪೋರರೆಲ್ಲ ಅದನ್ನೇ ಸ್ಟೇಟಸ್ ಇಟ್ಟಿದ್ದಾರೆ ಎಂದು ಫೋನ್ ಮಾಡಿದಳು. ಕಾಲೇಜಿನಲ್ಲಿ ನಾನು ನಡೆದರೆ ಹಿಂದಿನಿಂದ “ತಿರಗಿ ಒಮ್ಮಿ ನೋಡೋ” ಎನ್ನುವವರು. ಸಮಾಜ ತಿದ್ದಿಬಿಟ್ಟೆ ಎಂದು ನಾನು ನೆಲದ ಮೇಲೆ ಕಾಲು ಇಡದೆ ತಿರುಗುತ್ತಿದ್ದೆ.

ಒಂದು ಸಂಜೆ ಕಾಲೇಜಿನಿಂದ ಬರುವಾಗ ಮುಂದೆ ಒಂದು ಟ್ರ್ಯಾಕ್ಟರು. ಎರಡು ಖಾಲಿ ಟ್ರೇಲರು ಧಡಧಡ ಕುಣಿಯುತ್ತಿದ್ದವು, ಧೂಳಿನಲ್ಲಿ ಗಾಡಿ ಯಾರದೆಂದು ಕಾಣುತ್ತಿರಲಿಲ್ಲ. ಹಾಡು ಯಾವುದು? ನನ್ನದೇ! ಫುಲ್ ಸೌಂಡಿನಲ್ಲಿ ‘ಸೌಂಡ ಕಮ್ಮಿ ಮಾಡೋ’! ನನಗೆ ನಗು ತಡೆಯಲಿಲ್ಲ. ಹಾರ್ನ್ ಹೊಡೆದೆ. “ಹಿಂದ ಯಾರೋ ಬರಾಕತ್ತಾರ,” ಅಂತು ಹಾಡು. ಮತ್ತೆ ಹೊಡೆದೆ. “ತಿರಗಿ ಒಮ್ಮಿ ನೋಡೋ,” ಅಂತು. ಅವನು ತಿರುಗಲಿಲ್ಲ. ದಾರಿ ಅಗಲವಿದ್ದ ಕಡೆ ಪಕ್ಕದಿಂದ ಮುಂದೆ ಹೋಗೋಣ ಎಂದು ಬಲಕ್ಕೆ ತೆಗೆದೆ. ಸರಿಯಾಗಿ ಅದೇ ಹೊತ್ತಿಗೆ ಟ್ರ್ಯಾಕ್ಟರು ಹೇಳದೆ ಕೇಳದೆ ಬಲಕ್ಕೆ ತಿರುಗಿತು. ಹಿಂದಿನ ಟ್ರೇಲರು ಗೋಡೆಯ ಹಾಗೆ ನನ್ನ ಮೇಲೆ ಬಂತು. ಬ್ರೇಕ್ ಹಿಡಿದೆ, ಜಾರಿದೆ, ಸ್ಕೂಟಿಯ ಸಮೇತ ಕಾಲುವೆಯ ದಂಡೆಯಿಂದ ಉರುಳಿ ಕಬ್ಬಿನೊಳಗೆ ಬಿದ್ದೆ.

ತಲೆ ಎತ್ತಿ ನೋಡಿದರೆ ಟ್ರ್ಯಾಕ್ಟರು ಹೋಗುತ್ತಿದ್ದದ್ದು ನಮ್ಮ ತೋಟದ ದಾರಿಗೆ. ಅದು ನಮ್ಮ ಟ್ರ್ಯಾಕ್ಟರು. ಓಡಿಸುತ್ತಿದ್ದವನು ನಮ್ಮಣ್ಣ. ಬಾಕ್ಸಿನಲ್ಲಿ ತಿರುಗಿ ನೋಡು ಎಂದು ಹಾಡುತ್ತಿದ್ದದ್ದು ಅವನದೇ ಗಂಟಲು.

ಮೊಣಕೈ, ಮೊಣಕಾಲು ಕೆತ್ತಿ ಹೋಗಿದ್ದವು, ಅಷ್ಟೇ. ಆದರೆ ಅತ್ತುಬಿಟ್ಟೆ. ನೋವಿಗಲ್ಲ, ಅವಮಾನಕ್ಕೆ. ಊರೆಲ್ಲ ಕುಣಿದಿತ್ತು, ಒಬ್ಬನೂ ಕೇಳಿಸಿಕೊಂಡಿರಲಿಲ್ಲ! ಕೂತು ಯೋಚಿಸಿದಾಗ ಹೊಳೆಯಿತು, ಆ ಹಾಡು ಕೇಳಿದ ಪ್ರತಿಯೊಬ್ಬ ಡ್ರೈವರನೂ ಇದು ಪಕ್ಕದವನಿಗೆ ಬೈದದ್ದು ಎಂದುಕೊಂಡಿದ್ದ. ಬೈಗಳು ಚೆನ್ನಾಗಿದ್ದಷ್ಟೂ ಪಕ್ಕದವನಿಗೆ ಕಳಿಸುವ ಉಮೇದು ಹೆಚ್ಚು. ನಮ್ಮ ಮನೆಯಲ್ಲೇ ಹಾಗಾಗಿತ್ತಲ್ಲ.

ದೂರದಲ್ಲಿ ಹಾಡು ಮುಗಿಯಿತು. ಮುಂದಿನ ಹಾಡು ಶುರುವಾಗುವ ಮೊದಲು ಒಂದು ಗಳಿಗೆ ಎಲ್ಲ ಸುಮ್ಮನಾಯಿತು. ಯಾರದೋ ಬಾವಿಯ ಮೋಟರು, ಟಿಟ್ಟಿಭ ಹಕ್ಕಿಯ ಕೂಗು, ನನ್ನ ಅಳು, ಎಲ್ಲ ಸ್ಪಷ್ಟ ಕೇಳಿದವು. ಆ ಗಳಿಗೆಯಲ್ಲಿ ಹಾರ್ನ್ ಹೊಡೆದಿದ್ದರೆ ಅಣ್ಣನಿಗೆ ಕೇಳುತ್ತಿತ್ತು. ಆ ಗಳಿಗೆ ಹಾಡಿನ ಕೊನೆಯಲ್ಲಿ ಯಾಕಿರಬೇಕು, ನಡುವೆ ಇರಲಿ!

ಮನೆಗೆ ಹೋದಾಗ ಅಪ್ಪ ಕೀಲಿಗಾಗಿ ಕೈ ಚಾಚಿದ. ಕೀಲಿ ಕೊಟ್ಟೆ. ಕಪಾಟಿನ ಬಾಗಿಲು ಹಾಕಿದ ಸದ್ದು ನನ್ನ ಪರೀಕ್ಷೆಯ ಮೇಲೇ ಬಿದ್ದ ಹಾಗಾಯಿತು. ನಡೆದದ್ದು ಕೇಳಿ ಅಣ್ಣ ನನ್ನ ಮೊಣಕೈ ನೋಡಿದ, ಟ್ರ್ಯಾಕ್ಟರಿನತ್ತ ನೋಡಿದ, ಮುಖ ಕಪ್ಪಿಟ್ಟಿತು. ಮುಂದೆ ಕಾರ್ಖಾನೆಗೆ ಹೋದಾಗ ಹಾಡೇ ಹಚ್ಚಲಿಲ್ಲ.

“ಹಿಂಗ ಎಷ್ಟ ದಿನ ಇರತಿ? ಮತ್ತ ಹಚ್ಚತಿ,” ಅಂದೆ. “ನೀ ಬಿಟ್ರೂ ಉಳದವ್ರ ಬಿಡಂಗಿಲ್ಲ. ಬಾ, ರಾಯಬಾಗಕ್ಕ ಹೋಗೂಣ.”

ಮಾಸ್ತರರಿಗೆ ನನ್ನ ಯೋಚನೆ ಹೇಳಿದಾಗ ಕೀಬೋರ್ಡಿನಿಂದ ಕೈ ತೆಗೆದರು. “ನಡುವ ಹಾಡ ಬಂದ್ ಮಾಡೂದಾ? ತಂಗಿ, ಬಾಕ್ಸ ಕೆಟ್ಟೈತಿ ಅಂತ ಮಂದಿ ಮುಂದಿನ ಹಾಡ ಹಚ್ಚತಾರ್ರಿ.”

ಅವರ ಮಾತು ಸರಿಯೇ. ಸುಮ್ಮನಿರು ಎಂದರೆ ಯಾರೂ ಸುಮ್ಮನಿರುವುದಿಲ್ಲ, ಕಾಯುವ ಆಸೆ ಹುಟ್ಟಿಸಬೇಕು. ಅದನ್ನು ಹುಡುಕಿದವನು ಅಣ್ಣ.

“ಒಡಪ ಹಾಕೂಣು, ಒಗಟಿನ ಹಂಗ,” ಅಂದ. “ಹಿಂದ ಯಾರ ಬಂದಾರ ಹೇಳೋ ಅಂತ ಕೇಳಿ ಗಪ್ಪಂತ ನಿಲ್ಲೂಣು. ಜವಾಬ ಏನಂತ ಕೇಳಾಕರ ತಡೀತಾರ.”

ಮಾಸ್ತರರು ಕುರ್ಚಿಯಿಂದ ಎದ್ದೇ ಬಿಟ್ಟರು! ಮೂವರೂ ಒಟ್ಟಿಗೆ ಮಾತಾಡತೊಡಗಿದೆವು. ಯಮನ ಕೋಣವನ್ನು ಮನೆಗೆ ಕಳಿಸಿದೆವು. ಹಿಂದೆ ಲೈಟಿಗೆ ಹೊಳೆಯುವ ಕೆಂಪು ಪಟ್ಟಿ ಹಚ್ಚಿದ ಗಾಡಿಯನ್ನು ಮದಲಗಿತ್ತಿ ಎಂದು ಹೊಗಳಿದೆವು, ಅದನ್ನು ಓಡಿಸುವವನನ್ನು ಊರಿನ ಸರದಾರನನ್ನಾಗಿ ಮಾಡಿದೆವು. ಆಮೇಲೆ ಪ್ರಶ್ನೆ: “ಹಿಂದ ಯಾರ ಬಂದಾರ ಹೇಳೋ?” ಗಡಿಯಾಚೆಯ ಡ್ರೈವರರಿಗಾಗಿ ಮರಾಠಿಯಲ್ಲೂ ಅದನ್ನೇ ಕೇಳಿದೆವು: “ಮಾಗೆ ಕೋಣ ಆಲಂ ರೇ?” ಅಲ್ಲಿ ಬೇಸೂ ಇಲ್ಲ, ಡೋಲಕ್ಕೂ ಇಲ್ಲ, ಪೂರಾ ಮೌನ. ತಡೆದು ಜವಾಬು: “ಹಾಲಿನ ಕ್ಯಾನ ಕಟಗೊಂಡ ಬಂದಾನ, ನಿನ್ನ ಸ್ವಾದರ ಮಾವ!” ಮತ್ತೆ ಪ್ರಶ್ನೆ, ಮತ್ತೆ ಮೌನ, ಈ ಸಲ ಹೊಸ ಹೆಂಡತಿಯನ್ನು ಕೂರಿಸಿಕೊಂಡ ಗೆಳೆಯ. ಕಡೆಯ ಸಲದ ಜವಾಬನ್ನು ಅಣ್ಣ ತಾನೇ ಕಟ್ಟಿದ:

ಪುಸ್ತಕ ಹೊತಗೊಂಡ ಬಂದಾಳ ನೋಡೋ, ನಿನ್ನ ಬೆನ್ನಿಗಿ ಬಿದ್ದ ತಂಗಿ.

ಹಾಡುವಾಗ ಅವನ ದನಿ ಒಡೆಯಿತು. ಮತ್ತೊಮ್ಮೆ ಹಾಡುತ್ತೇನೆ ಅಂದ. “ಬ್ಯಾಡ, ಅದ ಇರಲಿ,” ಎಂದರು ಮಾಸ್ತರರು. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಮೊದಲ ಹಾಡಿನಷ್ಟು ಬೇಗ ಇದು ಓಡಲಿಲ್ಲ. ಕೆಲವರು ನಿಜಕ್ಕೂ ಬಾಕ್ಸು ಕೆಟ್ಟಿತೆಂದು ವೈರು ಎಳೆದಾಡಿದರಂತೆ! ಆದರೆ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಂತ ಡ್ರೈವರರಿಗೆ ಅದು ಆಟವಾಯಿತು. ಹಾಡು ನಿಂತ ಕೂಡಲೇ ಹೊರಳಿ ನೋಡಿ ಹಿಂದೆ ಕಂಡವರ ಹೆಸರು ಕೂಗುವುದು. ಆಟ ಪಾಳಿಯಿಂದ ರಸ್ತೆಗೆ ಬಂತು. ಕಬ್ಬಿನ ಬೀಜ ತರಲು ನಿಪ್ಪಾಣಿಯ ಕಡೆ ಹೋಗಿದ್ದ ಅಣ್ಣ ಕೊಗನೊಳ್ಳಿಯಿಂದ ಫೋನ್ ಮಾಡಿ ಕಿರುಚಿದ: “ತಂಗೀ, ಇಲ್ಲೂ ಹಚ್ಯಾರ! ಗಪ್ಪ ಆದಕೂಡ್ಲೆ ಹೊಳ್ಳಿ ನೋಡಾಕತ್ತಾರ ಬೇ!” ನಾನು ಅಂಗಳದಲ್ಲೇ ಕುಣಿದೆ. ಕೀಲಿ ಮಾತ್ರ ಇನ್ನೂ ಕಪಾಟಿನಲ್ಲೇ ಇತ್ತು.

ಅಪ್ಪನಿಗೆ ಫೋನಿನ ಸುದ್ದಿ ಸಾಕಾಗುವುದಿಲ್ಲ. “ನಾ ಕಣ್ಣಲೆ ನೋಡಬೇಕು,” ಎಂದು ಒಂದು ಮುಂಜಾನೆ ಕೀಲಿ ತೆಗೆದು ಕೊಟ್ಟು, ಧೋತರ ಮೇಲೆತ್ತಿಕೊಂಡು ನನ್ನ ಹಿಂದೆ ಕುಳಿತ. ದಾರಿಯಲ್ಲಿ ಮುಂದೆ ಎರಡು ಟ್ರೇಲರಿನ ಒಂದು ಗಾಡಿ. ಯಾವುದೋ ಮರಾಠಿ ಹಾಡು ಹಚ್ಚಿದ್ದ. ಹಾರ್ನ್ ಹೊಡೆದೆ, ಉಪಯೋಗವಿಲ್ಲ. ಅಪ್ಪ ಹಿಂದಿನಿಂದ ಗಂಟಲು ಸರಿಮಾಡಿಕೊಂಡ. ಆ ಸಪ್ಪಳ ನನಗೆ ಗೊತ್ತು, ಅದು ತೀರ್ಪಿನ ಸಪ್ಪಳ.

ಅಷ್ಟರಲ್ಲಿ ಹಾಡು ಬದಲಾಯಿತು. ರೊಟ್ಟಿ ಬಡಿದ ಹಾಗೆ ಟಪ್ಪ ಟಪ್ಪ! ನನ್ನ ಎದೆಯೂ ಅದೇ ತಾಳದಲ್ಲಿ ಬಡಿಯತೊಡಗಿತು. ಮದಲಗಿತ್ತಿ ಬಂದಳು, ಸರದಾರ ಬಂದ, “ಮಾಗೆ ಕೋಣ ಆಲಂ ರೇ?” ಎಂದು ಅಣ್ಣ ಕೇಳಿದ, ಎಲ್ಲ ಗಪ್ಪಾಯಿತು. ಆ ಮೌನಕ್ಕೆ ಸರಿಯಾಗಿ ಹಾರ್ನ್ ಒತ್ತಿದೆ.

ಡ್ರೈವರ ಹೊರಳಿ ನೋಡಿದ. ನೋಡಿದ! ಬಿಳಿ ಟೊಪ್ಪಿಗೆಯ ಯಾರೋ ಅಪರಿಚಿತ, ಗಡಿಯಾಚೆಯವನು. ಗಾಡಿಯನ್ನು ಎಡಕ್ಕೆ ಸರಿಸಿ, ಕೈ ಬೀಸಿ, “ಜಾ ತಾಯಿ, ಜಾ ಪುಢೆ!” ಎಂದು ಮುಂದೆ ಬಿಟ್ಟ. ಪಕ್ಕದಿಂದ ಹಾದು ಹೋಗುವಾಗ ಹಾಡು ಮತ್ತೆ ಶುರುವಾಗಿತ್ತು. ಹಾಲಿನ ಕ್ಯಾನಿನ ಜವಾಬಿಗೆ ಅಪ್ಪ ಹಿಂದಿನಿಂದ ಕೂಗಿದ: “ಮಾವ ಅಲ್ಲೋ, ನನ್ನ ಮಗಳ ಬಂದಾಳ!”

ಕಾಲೇಜಿನ ಗೇಟಿನ ಹತ್ತಿರ ಇಳಿದ ಅಪ್ಪ ಧೋತರ ಝಾಡಿಸಿಕೊಂಡ. ನಾನು ಗಾಡಿ ಬಂದ್ ಮಾಡಿ, ಕೀಲಿ ತೆಗೆದು, ಮತ್ತೆ ಕೇಳುತ್ತಾನೆಂದು ಅವನ ಮುಂದೆ ಹಿಡಿದೆ. ಅದನ್ನು ನೋಡಿಯೂ ನೋಡದವನ ಹಾಗೆ ಬಸ್ ನಿಲ್ದಾಣದ ಕಡೆ ನಡೆದ.

“ನಾ ಶಿರಗುಪ್ಪಿತನಕ ಬಸ್ಸಿಗೆ ಹೊಕ್ಕೀನಿ, ಅಲ್ಲಿಂದ ನಡಕೋತ,” ಅಂದ. “ನೀ ಸಂಜಿಮುಂದ ನಿನ್ನ ಗಾಡಿ ಮ್ಯಾಗ ಬಾ.”